ಎರಡು ಅರ್ಧಗಳ ನಡುವೆ ಬಿದ್ದುಹೋದ ಗಣಿತ

ಡಿಸೆಂಬರ್ ೬

ಅಪ್ಪನಿಗೆ ಜೀರುಂಡೆಯ ನಮಸ್ಕಾರ.

ನಾವಿಬ್ಬರೂ ಚೆನ್ನಾಗಿದ್ದೇವೆ. ನೀನೂ ಚೆನ್ನಾಗಿದ್ದೀಯ ಅಂತ ನಾನೇ ಅಂದುಕೊಂಡುಬಿಡುತ್ತೇನೆ, ಏಕೆಂದರೆ ಫೋನಿನಲ್ಲಿ ಕೇಳಿದರೆ ನೀನು "ಹೂಂ" ಬಿಟ್ಟು ಎರಡನೆಯ ಅಕ್ಷರ ಆಡುವವನಲ್ಲ. ಕಾಗದದಲ್ಲಾದರೆ ನಿನಗೆ ಬಾಯಿ ಬರುತ್ತದಂತೆ. ಹಾಗಂತ ಅಮ್ಮ ಹೇಳಿದಳು. ಮದುವೆಗೆ ಮುಂಚಿನ ಸಮಾಚಾರ ಇರಬೇಕು, ನಾನು ಕೆದಕಲಿಲ್ಲ.

ಮನೆ ಒಂದು ಲಾಂಡ್ರಿಯ ಮೇಲಿದೆ. ಎರಡು ಕೋಣೆ. ಕೆಳಗೆ ಇಡೀ ದಿನ ಹಬೆಯ ಯಂತ್ರ ಬುಸ್ ಅನ್ನುತ್ತಿರುತ್ತದೆ, ನಮ್ಮ ನೆಲ ಬೆಚ್ಚಗಿರುತ್ತದೆ, ಕಿಟಕಿಯ ಗಾಜು ಸದಾ ಮಬ್ಬು. ಅಂಗೈಯಲ್ಲಿ ಒರೆಸಿದರೆ ಎದುರುಮನೆಯ ಮೆಟ್ಟಿಲು ಕಾಣುತ್ತದೆ, ಮೆಟ್ಟಿಲ ಮೇಲೆ ಒಂದು ಬೂದು ಬೆಕ್ಕು. ಸ್ವಲ್ಪ ಹೊತ್ತಿಗೆ ಮತ್ತೆ ಮಬ್ಬು ಕವಿದು ಬೆಕ್ಕು ಕರಗಿಹೋಗುತ್ತದೆ. "ಕಣ್ಣಾಸ್ಪತ್ರೆಯಲ್ಲಿ ಊರವರಿಗೆಲ್ಲ ಕನ್ನಡಕ ಕೂರಿಸಿ ಬರುತ್ತೇನೆ, ನನ್ನ ಮನೆ ಕಿಟಕಿಯಲ್ಲಿ ಏನೂ ಕಾಣಿಸಲ್ಲ ನೋಡು" ಅಂತ ಅಮ್ಮ ನಗುತ್ತಾಳೆ. ನಗುತ್ತಾಳೆ ಅಪ್ಪ. ಅದನ್ನು ನಿನಗೆ ಹೇಳಬೇಕು ಅನ್ನಿಸಿತು.

ಇನ್ನು ಶಾಲೆ. ಇಲ್ಲಿಯೂ ನಮ್ಮ ಹಳೆಯ ಶಾಲೆಯಂತೆ ಬ್ಲಾಕ್ ಟೈಮ್‌ಟೇಬಲ್. ದಿನಕ್ಕೆ ನಾಲ್ಕೇ ಪೀರಿಯಡ್ಡು, ಒಂದೊಂದೂ ಒಂದೂವರೆ ಗಂಟೆ. ನಾಲ್ಕು ವಿಷಯ ವರ್ಷದ ಮೊದಲರ್ಧಕ್ಕೆ, ಉಳಿದ ನಾಲ್ಕು ಎರಡನೆಯ ಅರ್ಧಕ್ಕೆ. ಇದೇನೂ ನನಗೆ ಹೊಸದಲ್ಲವಲ್ಲ ಅಂತ ಕಾಲು ಚಾಚಿ ಕೂತಿದ್ದೆ. ಚರಿತ್ರೆಯ ಮೇಷ್ಟ್ರು ಬಂದರು. ಬೋರ್ಡಿನ ಮೇಲೆ ಪಾಠದ ಹೆಸರು ಬರೆದರು: ನದಿದಂಡೆಯಲ್ಲಿ ಮೊದಲು ಮನೆ ಕಟ್ಟಿದ ಜನ. ಹೋದ ಜೂನಿನಲ್ಲಿ ಅಲ್ಲಿ ಕೇಳಿದ ಅದೇ ಪಾಠ. ಎರಡನೆಯ ಪೀರಿಯಡ್ಡು ಭಾಷೆ, ಅದೇ ಪದ್ಯ. ಮಧ್ಯಾಹ್ನ ಜೀವಶಾಸ್ತ್ರ, ಅದೇ ಕಪ್ಪೆ. ಕೊನೆಗೆ ಚಿತ್ರಕಲೆ, ಮೇಜಿನ ಮೇಲೆ ಅದೇ ಹೂಜಿ. ಇದರ ಹಿಡಿ ಮುರಿದಿದೆ, ಅಷ್ಟೇ ವ್ಯತ್ಯಾಸ. ಕನಸಿನಲ್ಲಿ ನಮ್ಮ ಮನೆಗೇ ಹೋಗಿ ಬಾಗಿಲು ಬೇರೆ ಕಡೆ ಇರುವುದನ್ನು ನೋಡುತ್ತೇವಲ್ಲ, ಹಾಗಿತ್ತು ಇಡೀ ದಿನ.

ಸಂಜೆ ಆಫೀಸಿಗೆ ಹೋಗಿ ಗಣಿತ ಯಾವಾಗ ಅಂತ ಕೇಳಿದೆ.

"ಅದು ಮೊದಲರ್ಧದಲ್ಲೇ ಮುಗೀತಲ್ಲಮ್ಮ" ಅಂದರು ಅಲ್ಲಿಯ ಮೇಡಂ.

"ನನಗಿನ್ನೂ ಶುರುವೇ ಆಗಿಲ್ಲ ಮೇಡಂ. ನಮ್ಮಲ್ಲಿ ಅದು ಎರಡನೇ ಅರ್ಧಕ್ಕಿತ್ತು."

ಅವರು ನನ್ನನ್ನೇ ನೋಡಿದರು, ಆಮೇಲೆ ಗೋಡೆಯ ಟೈಮ್‌ಟೇಬಲ್ ನೋಡಿದರು. "ಅಯ್ಯೋ ಪಾಪ" ಅಂದು ಟೈಪ್ ಮಾಡುವುದಕ್ಕೆ ಕೂತರು.

ಅಂದರೆ ಅಪ್ಪ, ಈ ವರ್ಷ ನನಗೆ ಚರಿತ್ರೆ ಎರಡು ಸಲ, ಗಣಿತ ಒಂದು ಸಲವೂ ಇಲ್ಲ. ಭೂಗೋಳ, ಸಂಗೀತ, ಕಂಪ್ಯೂಟರ್ ಕೂಡ ಹೋದವು, ಅವಕ್ಕೆ ನಾನು ಅಳುವುದಿಲ್ಲ. ಆದರೆ ಗಣಿತ ಪಾಸಾಗದೆ ಮುಂದಿನ ವರ್ಷ ವಿಜ್ಞಾನ ವಿಭಾಗಕ್ಕೆ ಸೇರಿಸಿಕೊಳ್ಳುವುದಿಲ್ಲ. ನೀನು ಎತ್ತಿ ಇಳಿಸುವ ಸೇತುವೆಯ ಕೆಳಗೆ ನದಿ ಅಳೆಯುವ ದೋಣಿ ಬರುತ್ತದಲ್ಲ, ಕೋಲು ಇಳಿಬಿಟ್ಟು ಆಳ ನೋಡುವ ಆ ಹೆಂಗಸಿನ ಕೆಲಸವೇ ನನಗೆ ಬೇಕು ಅಂತ ಚಿಕ್ಕಂದಿನಿಂದ ನಿನ್ನ ತಲೆ ತಿಂದಿದ್ದೇನೆ. ಈಗ ಏನು ಮಾಡುವುದು ಹೇಳು. ಅಮ್ಮನಿಗೆ ಇನ್ನೂ ಹೇಳಿಲ್ಲ. ಹೊಸ ಕೆಲಸ, ಅವಳ ಮುಖ ಈಗಷ್ಟೇ ಸಡಿಲವಾಗಿದೆ.

ನಿನ್ನ,
ಜೀರುಂಡೆ


ಡಿಸೆಂಬರ್ ೧೫

ಜೀರುಂಡೆಗೆ ಅಪ್ಪನ ಆಶೀರ್ವಾದ.

ಸೇತುವೆ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಬೆಳಗ್ಗೆ ಮರಳಿನ ದೋಣಿಯೊಂದು ಬಂತು. ಗೇಟು ಇಳಿಸಿ, ಗಂಟೆ ಬಾರಿಸಿ, ಲಿವರ್ ಎಳೆದೆ. ರಸ್ತೆ ನಡುವೆ ಬಿಚ್ಚಿಕೊಂಡು ಎರಡು ರೆಕ್ಕೆಯಾಗಿ ಮೇಲಕ್ಕೆ ನಿಂತಿತು. ದೋಣಿಯವನಿಗೆ ಯಾವ ಅವಸರವೂ ಇರಲಿಲ್ಲ. ಈಚೆ ದಡದಲ್ಲಿ ಹಾಲಿನ ಗಾಡಿಯವನು ನನ್ನ ಕಡೆ ನೋಡಿ ಕೈ ಆಡಿಸಿ ಬೈದ. ಮೇಲಿನಿಂದ ನೋಡಿದರೆ ಬೈಗುಳವೂ ನಮಸ್ಕಾರದಂತೆಯೇ ಕಾಣುತ್ತದೆ. ನಾನೂ ಕೈ ಎತ್ತಿದೆ.

ನಿನ್ನ ಕಾಗದ ಓದಿ ನನಗೆ ಮೊದಲು ನಗು ಬಂತು, ಆಮೇಲೆ ಇನ್ನೊಮ್ಮೆ ಓದಿದೆ. ನಾನು ಮತ್ತು ನಿನ್ನಮ್ಮ ಎರಡು ವರ್ಷದಲ್ಲಿ ಒಪ್ಪಿಕೊಂಡ ಮಾತು ಇದೊಂದೇ. ಮಗುವನ್ನು ಪಾಠದ ನಡುವೆ ಎಬ್ಬಿಸುವುದು ಬೇಡ, ಅರ್ಧ ವರ್ಷ ಮುಗಿಯಲಿ, ಹಿಡಿದ ನಾಲ್ಕು ವಿಷಯ ಪೂರ್ತಿಯಾಗಲಿ, ಆಮೇಲೆ ಊರು ಬಿಡಲಿ ಅಂತ. ಅವಳು ಕೆಲಸಕ್ಕೆ ಸೇರುವುದನ್ನು ಎರಡು ತಿಂಗಳು ಮುಂದೆ ಹಾಕಿದ್ದೂ ಅದಕ್ಕೇ. ನಾವು ಎಷ್ಟು ಜಾಣರು ಅಂತ ಇಬ್ಬರೂ ಒಳಗೊಳಗೇ ಬೀಗಿದ್ದೆವು. ಆ ಶಾಲೆಯ ವಿಷಯಗಳ ಪಾಲು ಈ ಶಾಲೆಯ ಪಾಲಿನಂತೆ ಇರಲಿಕ್ಕಿಲ್ಲ ಅಂತ ಇಬ್ಬರಿಗೂ ಹೊಳೆಯಲೇ ಇಲ್ಲ.

ನಿನ್ನೆ ಪಾಳಿ ಮುಗಿಸಿ ನಿನ್ನ ಹಳೆಯ ಶಾಲೆಗೆ ಹೋಗಿದ್ದೆ. ಗಣಿತದ ಮೇಷ್ಟ್ರು ಸಿಕ್ಕಿದರು. "ನಿಮ್ಮ ಹುಡುಗಿ ಜಾಗ ಖಾಲಿನೇ ಇದೆ. ಕಳಿಸೋದಾದ್ರೆ ಬೇಗ ಕಳಿಸಿ. ಈ ಪದ್ಧತೀಲಿ ಒಂದು ದಿನ ತಪ್ಪಿದ್ರೆ ಎರಡು ದಿನ ತಪ್ಪಿದ ಹಾಗೆ, ಆಮೇಲೆ ಓಡಿ ಹಿಡಿಯೋಕಾಗಲ್ಲ" ಅಂದರು.

ನೀನು ಇಲ್ಲಿಗೆ ಬಂದರೆ ಗಣಿತ ಸಿಗುತ್ತದೆ. ನಿನ್ನ ಕೋಣೆ ನೀನು ಬಿಟ್ಟುಹೋದ ಹಾಗೇ ಇದೆ. ಇಷ್ಟು ಹೇಳಿ ಸುಮ್ಮನಾಗುತ್ತೇನೆ. ಇದಕ್ಕಿಂತ ಜಾಸ್ತಿ ಬರೆದರೆ, ಮಗಳನ್ನು ಎಳೆದುಕೊಳ್ಳುವುದಕ್ಕೆ ನೆಪ ಹುಡುಕುತ್ತಿದ್ದಾನೆ ಅಂತ ನಿನ್ನಮ್ಮನಿಗೆ ಅನ್ನಿಸುತ್ತದೆ. ಅವಳನ್ನು ಕೇಳು. ಅವಳು ಹೂಂ ಅಂದರೆ ನಾನೂ ಹೂಂ.

ಇತಿ,
ಅಪ್ಪ


ಜನವರಿ ೫

ಅಪ್ಪ,

ಅಮ್ಮನಿಗೆ ಹೇಳಿದೆ. ಹೇಳುವುದಕ್ಕೆ ಇಷ್ಟು ದಿನ ಹಿಡಿಯಿತು. ಅವಳು ತಟ್ಟೆ ಒರೆಸುತ್ತಿದ್ದಳು. ನೀರು ಒಣಗಿದ ಮೇಲೂ ಒರೆಸುತ್ತಲೇ ಇದ್ದಳು.

"ಅಲ್ಲಿ ಈಗ ಗಣಿತ ನಡೀತಿದೆಯಾ?"

"ಹೂಂ."

"ಹೋಗ್ಬೇಕು ಅಂತಿದ್ದೀಯಾ?"

"ಗೊತ್ತಿಲ್ಲ."

"ನಿಮ್ಮಪ್ಪ ಏನಂತಾರೆ?"

"ನಿನ್ನನ್ನ ಕೇಳು ಅಂತಾರೆ."

"ನನ್ನ ಕೇಳೋಕೆ ಅವರಿಗೆ ಬಾಯಿಲ್ವಂತಾ?" ಅಂದು ತಟ್ಟೆ ಒಳಗಿಟ್ಟಳು. ಈಗ ನೀನು ಅವಳ ಕಡೆ ನೋಡುತ್ತೀ, ಅವಳು ನಿನ್ನ ಕಡೆ ನೋಡುತ್ತಾಳೆ, ನಡುವೆ ನಾನು ಚೆಂಡು.

ತರಗತಿಯಲ್ಲಿ ನನಗೆ ತ್ರಿಕಾಲಜ್ಞಾನಿ ಅಂತ ಹೆಸರು ಬಿದ್ದಿದೆ. ಮೇಷ್ಟ್ರು ಪ್ರಶ್ನೆ ಕೇಳುವ ಮುಂಚೆಯೇ ಉತ್ತರ ಹೇಳುತ್ತೇನಲ್ಲ, ಅದಕ್ಕೆ. ಮೊದಲು ಖುಷಿಯಾಗಿತ್ತು, ಈಗ ಬಾಯಿ ತೆರೆಯುವುದಿಲ್ಲ. ಚರಿತ್ರೆಯ ಮೇಷ್ಟ್ರಿಗೆ ಒಂದೂವರೆ ಗಂಟೆಗಾಗುವಷ್ಟು ಮಾತು ಇಲ್ಲ, ಪಾಪ. ಮುಕ್ಕಾಲು ಗಂಟೆಗೆ ಅವರ ಚೀಲ ಖಾಲಿ. "ಉಳಿದದ್ದು ನೀವೇ ಓದ್ಕೊಳಿ" ಅಂದು ಕುರ್ಚಿಯಲ್ಲಿ ಇಳಿದುಬಿಡುತ್ತಾರೆ. ಆಮೇಲೆ ಕೋಣೆ ಮುಳುಗಿದ ಹಾಗಾಗುತ್ತದೆ. ಬಿಸಿಲು ಬೆಂಚಿನಿಂದ ಬೆಂಚಿಗೆ ಸರಿಯುತ್ತದೆ, ಕಿಟಕಿ ಪಕ್ಕದವಳ ಕೈ ಮೇಲೆ ಒಂದಷ್ಟು ಹೊತ್ತು ಕೂತು ಮುಂದಕ್ಕೆ ಹೋಗುತ್ತದೆ. ಯಾರೋ ಪುಟ ತಿರುಗಿಸಿದ ಸದ್ದು ಬೇರೆ ಊರಿನಿಂದ ಬಂದಂತಿರುತ್ತದೆ. ನಾನು ನಿದ್ದೆ ಮಾಡುವುದಿಲ್ಲ, ಎಚ್ಚರವಾಗಿಯೂ ಇರುವುದಿಲ್ಲ. ಮನಸ್ಸಿನಲ್ಲೇ ಎದ್ದು ನಿನ್ನ ಸೇತುವೆ ಕೋಣೆಗೆ ಬರುತ್ತೇನೆ. ಕಬ್ಬಿಣದ ಮೆಟ್ಟಿಲು ಹತ್ತಿ, ಬಾಗಿಲ ಹತ್ತಿರ ನಿಂತು ನೀರು ನೋಡಿ, ಗಂಟೆ ಹೊಡೆದಾಗ ವಾಪಸು ಹೋಗುತ್ತೇನೆ.

ನನ್ನ ಪಕ್ಕ ಕೂರುವವಳು ಜ್ವರ ಬಂದು ಮೂರು ದಿನ ಮಲಗಿದಳು. ಅವಳು ಬರುವಷ್ಟರಲ್ಲಿ ಕಪ್ಪೆ ಮುಗಿದು ಮನುಷ್ಯನ ಹೃದಯಕ್ಕೆ ಬಂದಿದ್ದರು. ಅವಳಿಗೆ ಈಗಲೂ ತಲೆಬುಡ ಗೊತ್ತಾಗುತ್ತಿಲ್ಲ, ನಾನೇ ಹೇಳಿಕೊಡುತ್ತಿದ್ದೇನೆ.

ಇನ್ನೊಂದು ವಿಷಯ. ಗಣಿತ ನಾನೇ ಕಲಿತುಬಿಡೋಣ ಅಂತ ಹೋದ ವರ್ಷದ ಪುಸ್ತಕ ತೆಗೆದೆ. ನೀನು ಸೇತುವೆ ಎತ್ತಿ ಇಳಿಸುವಷ್ಟರಲ್ಲಿ ಮೂರು ಸಮೀಕರಣ ಬಿಡಿಸುತ್ತಿದ್ದವಳು ನಾನು. ಈಗ ಒಂದೂ ಬರಲಿಲ್ಲ. ಹೋದ ಮಾರ್ಚಿನಿಂದ ಮುಟ್ಟಿಲ್ಲವಲ್ಲ. ನನ್ನದೇ ಕೈಬರಹ, ನನ್ನದೇ ಉತ್ತರ, ಹೇಗೆ ಬಂತು ಅಂತ ನನಗೇ ತಿಳಿಯಲಿಲ್ಲ. ಹೆದರಿಕೆಯಾಯಿತು ಅಪ್ಪ. ನೀನು ಅಮ್ಮನಿಗೆ ಬರಿ.

ಜೀರುಂಡೆ


ಜನವರಿ ೧೨

ಜೀರುಂಡೆಯ ತಂದೆಯವರಿಗೆ,

ನೀವು ಬರೆಯುತ್ತೀರಿ ಅಂತ ಕಾದೆ. ಬರೆಯಲಿಲ್ಲ, ನಾನೇ ಬರೆಯುತ್ತಿದ್ದೇನೆ.

ಅರ್ಧ ದಿನ ರಜೆ ಹಾಕಿ ಶಾಲೆಗೆ ಹೋಗಿದ್ದೆ. ಮುಖ್ಯೋಪಾಧ್ಯಾಯಿನಿ ಒಳ್ಳೆಯವರೇ, ಕೂರಿಸಿ ಮಾತಾಡಿದರು. "ಪ್ರಯೋಗಕ್ಕೆ, ಚಿತ್ರಕಲೆಗೆಲ್ಲ ಉದ್ದದ ಪೀರಿಯಡ್ಡು ಅನುಕೂಲ. ಆದ್ರೆ ಒಂದೊಂದು ಶಾಲೆ ಒಂದೊಂದು ಥರ ಪಾಲು ಮಾಡ್ಕೊಂಡಿರುತ್ತೆ. ವರ್ಷದ ಮಧ್ಯೆ ಬಂದ ಮಕ್ಕಳು ಹೀಗೆ ಸಂದೀಲಿ ಬೀಳ್ತಾರೆ. ನಿಮ್ಮ ಮಗಳೇ ಮೊದಲಲ್ಲ" ಅಂದರು. ನಾವು ಓದಿದ ಕಾಲದ ಹಾಗೆ ಎಲ್ಲ ವಿಷಯವೂ ದಿನಾ ಮುಕ್ಕಾಲು ಗಂಟೆ ಇದ್ದಿದ್ದರೆ, ಯಾವ ತಿಂಗಳು ಬಂದಿದ್ದರೂ ಎರಡು ಪಾಠ ತಪ್ಪುತ್ತಿತ್ತು, ಅಷ್ಟೇ. ನಾವು ಕಾದದ್ದೇ ತಪ್ಪಾಯಿತು.

ನಾನು ಯೋಚನೆ ಮಾಡಿ ಹೇಳುತ್ತಿದ್ದೇನೆ. ಈ ಅರ್ಧ ಅವಳು ನಿಮ್ಮ ಹತ್ತಿರ ಇರಲಿ. ಜೂನಿನಿಂದ ಅರ್ಧ ವರ್ಷ ನನ್ನ ಹತ್ತಿರ. ಆಮೇಲೂ ಹಾಗೇ ನಡೆಯಲಿ, ಅರ್ಧ ನಿಮಗೆ, ಅರ್ಧ ನನಗೆ. ಎರಡು ಶಾಲೆಯ ಮುಂದಿನ ವರ್ಷದ ಟೈಮ್‌ಟೇಬಲ್ ಪಕ್ಕಪಕ್ಕ ಇಟ್ಟು ನೋಡಿದ್ದೇನೆ, ವಿಜ್ಞಾನ ವಿಭಾಗದಲ್ಲಿ ಎರಡೂ ಕಡೆ ಪಾಲು ಒಂದೇ ಥರ, ಹೀಗೆ ಮಾಡಿದರೆ ಯಾವ ವಿಷಯವೂ ತಪ್ಪುವುದಿಲ್ಲ. ನೀವು ಆ ಸೇತುವೆ ಬಿಟ್ಟು ಇಳಿಯುವವರಲ್ಲ ಅಂತ ನನಗೆ ಗೊತ್ತು, ಅದನ್ನು ಮತ್ತೆ ಎತ್ತುವುದಿಲ್ಲ. ಅವಳನ್ನು ಬೆಳಗ್ಗೆ ಎಬ್ಬಿಸುವವರು ಯಾರು, ರಾತ್ರಿ ಪಾಳಿ ಇದ್ದಾಗ ಜೊತೆಗೆ ಯಾರು, ಅದನ್ನಷ್ಟು ತಿಳಿಸಿ.

ಇತಿ,
ಜೀರುಂಡೆಯ ತಾಯಿ


ಜನವರಿ ೨೪

ಜೀರುಂಡೆಯ ತಾಯಿಗೆ,

ನಿನ್ನ ಕಾಗದ ತಲುಪಿತು. ನೀನು ಹೇಳಿದ ಏರ್ಪಾಟಿಗೆ ನನ್ನ ಅಡ್ಡಿಯಿಲ್ಲ. ಇಷ್ಟು ವರ್ಷದ ರಜೆ ಹಾಗೇ ಬಿದ್ದಿದೆ. ಅವಳು ಬಂದಾಗ ಅಷ್ಟನ್ನೂ ಒಟ್ಟಿಗೆ ತೆಗೆದುಕೊಂಡು ಮನೆಯಲ್ಲೇ ಇರುತ್ತೇನೆ. ಅದು ಮುಗಿದ ಮೇಲೆ ರಾತ್ರಿ ಪಾಳಿ ಬೇಡ ಅಂತ ಕೇಳಿಕೊಳ್ಳುತ್ತೇನೆ. ಎಬ್ಬಿಸುವುದು ನಾನೇ. ಅವಳು ಏಳುವುದಿಲ್ಲ, ಅದು ಬೇರೆ ಮಾತು.

ಆದರೆ ನೀನು ಹೊಸ ಊರಿನಲ್ಲಿ ಒಬ್ಬಳೇ ಆಗುತ್ತೀ. ಅದನ್ನು ಯೋಚಿಸಿದ್ದೀಯೋ ಇಲ್ಲವೋ ಗೊತ್ತಿಲ್ಲ. ನನ್ನಿಂದ ಒತ್ತಾಯ ಅಂತ ತಿಳಿಯಬೇಡ. ಯಾವ ದಿನ ಕಳಿಸುವುದು ಅಂತ ನೀನೇ ನಿಧಾನವಾಗಿ ಯೋಚಿಸಿ ಬರಿ. ಅವಸರವಿಲ್ಲ.

ಇತಿ,
ಜೀರುಂಡೆಯ ಅಪ್ಪ


ಫೆಬ್ರವರಿ ೧೧

ಅಪ್ಪನಿಗೂ ಅಮ್ಮನಿಗೂ,

ಇದನ್ನು ಕಾರ್ಬನ್ ಇಟ್ಟು ಬರೆಯುತ್ತಿದ್ದೇನೆ. ಒಂದು ಪ್ರತಿ ಅಂಚೆಗೆ, ಇನ್ನೊಂದು ಅಮ್ಮನ ದಿಂಬಿನ ಕೆಳಗೆ. ಯಾರಿಗೆ ಮೇಲಿನ ಹಾಳೆ, ಯಾರಿಗೆ ಅಡಿಯ ಹಾಳೆ ಅಂತ ಅದಕ್ಕೂ ಒಬ್ಬರಿಗೊಬ್ಬರು ಮರ್ಯಾದೆ ಮಾಡಬೇಡಿ.

ಗಣಿತದ ಮೇಷ್ಟ್ರು ನನಗೇ ಕಾಗದ ಹಾಕಿದ್ದಾರೆ. ಅರ್ಧಕ್ಕಿಂತ ಹೆಚ್ಚು ಮುಗಿದಿದೆ ಮಗು, ಇನ್ನು ಬಂದರೆ ನಿನಗೂ ಕಷ್ಟ, ನನಗೂ ಕಷ್ಟ ಅಂತ ಬರೆದಿದ್ದಾರೆ. ಇಲ್ಲಿ "ನೀನು ಹೇಳು", "ನೀವು ಹೇಳಿ", "ಅವಸರವಿಲ್ಲ" ಅಂತ ನೀವು ಉಪಚಾರ ಮಾಡಿಕೊಳ್ಳುತ್ತಿರುವಾಗ ಅಲ್ಲಿ ಬೀಜಗಣಿತ ಮುಗಿದು ರೇಖಾಗಣಿತ ಶುರುವಾಯಿತು. ನನಗೆ ಸಿಟ್ಟು ಬಂದಿದೆ. ಇಬ್ಬರ ಮೇಲೂ, ಸಮನಾಗಿ.

ಅಮ್ಮ ನಿಮ್ಮ ಏರ್ಪಾಟು ಹೇಳಿದಳು. ಅರ್ಧ ವರ್ಷ ಅಪ್ಪ, ಅರ್ಧ ವರ್ಷ ಅಮ್ಮ. ಕೇಳಿದಾಗ, ಅಡ್ಡಿಯಿಲ್ಲ, ಬುದ್ಧಿವಂತರು ಅಂದುಕೊಂಡೆ. ಮೊನ್ನೆ ಚರಿತ್ರೆಯ ಪೀರಿಯಡ್ಡಿನಲ್ಲಿ ಮೇಷ್ಟ್ರು ಕುರ್ಚಿಯಲ್ಲಿ ಇಳಿದ ಮೇಲೆ ಯಾವಾಗಿನಂತೆ ಸೇತುವೆ ಕೋಣೆಗೆ ಬಂದೆ ಅಪ್ಪ. ಮೆಟ್ಟಿಲು ಇತ್ತು, ಗಂಟೆ ಇತ್ತು, ಕೆಳಗೆ ನೀರು ಇತ್ತು. ನೀನು ಲಿವರ್ ಹತ್ತಿರ ನಿಂತಿದ್ದೆ. ದೋಣಿ ಬಂತು. ಈಗ ಎಳೆಯುತ್ತೀ ಅಂತ ನೋಡುತ್ತಾ ನಿಂತೆ. ನೀನು ಯಾವ ಕೈಯಲ್ಲಿ ಎಳೆಯುತ್ತೀ ಅಂತ ನನಗೆ ನೆನಪಾಗಲಿಲ್ಲ. ಎಷ್ಟು ಯೋಚಿಸಿದರೂ ಆಗಲಿಲ್ಲ. ಹುಟ್ಟಿದಾಗಿನಿಂದ ನೋಡಿದ್ದೇನೆ, ದಿನಾ ನೋಡಿದ್ದೇನೆ. ದೋಣಿ ಅಲ್ಲೇ ನಿಂತಿತ್ತು, ನಿನ್ನ ಎರಡು ಕೈಯೂ ಕೆಳಗಿದ್ದವು. ನಾನು ಬೆಂಚಿನ ಮೇಲೆ ತಲೆ ಇಟ್ಟು ಅತ್ತೆ. ನಿದ್ದೆ ಮಾಡಿದಳು ಅಂತ ಎಲ್ಲರೂ ಅಂದುಕೊಂಡರು.

ಅರ್ಧ ವರ್ಷ ಬಿಟ್ಟರೆ ಗಣಿತ ಮರೆತುಹೋಗುತ್ತದೆ ಅಂತ ನನಗೆ ಗೊತ್ತಾಗಿತ್ತು. ಅಪ್ಪನೂ ಮರೆತುಹೋಗಬಹುದು ಅಂತ ಗೊತ್ತಿರಲಿಲ್ಲ. ಅಲ್ಲಿಗೆ ಬಂದರೆ ಅಮ್ಮ ಮರೆತುಹೋಗುತ್ತಾಳೆ. ಅವಳು ಕನ್ನಡಕದ ಗಾಜನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚುತ್ತಾಳಲ್ಲ, ಅದು ಯಾವ ಕಣ್ಣು ಅಂತ ಆಗ ಅಲ್ಲಿ ಕೂತು ಯೋಚಿಸಬೇಕು.

ಆದ್ದರಿಂದ ನಾನು ಬರುವುದಿಲ್ಲ ಅಪ್ಪ. ಇಲ್ಲೇ ಇರುತ್ತೇನೆ. ಜೂನಿನಲ್ಲಿ ಕೆಳಗಿನ ತರಗತಿಯವರ ಜೊತೆ ಕೂತು ಗಣಿತ ಮಾಡುತ್ತೇನೆ. ವಿಜ್ಞಾನ ವಿಭಾಗ ಒಂದು ವರ್ಷ ತಡವಾಗುತ್ತದೆ. ಬೇಜಾರಿದೆ, ಇಲ್ಲ ಅಂತ ಸುಳ್ಳು ಹೇಳುವುದಿಲ್ಲ. ಆದರೆ ನದಿ ಅಷ್ಟರಲ್ಲಿ ಬತ್ತಿಹೋಗುವುದಿಲ್ಲ, ಅಳೆದರಾಯಿತು.

ನನ್ನದು ಒಂದೇ ಮಾತು. ನಿಮ್ಮನ್ನು ನನಗೆ ಗಂಟು ಕಟ್ಟಿ ಅರ್ಧರ್ಧ ವರ್ಷಕ್ಕೆ ಕೊಡಬೇಡಿ. ಸ್ವಲ್ಪ ಸ್ವಲ್ಪ ಕೊಡಿ. ದಿನಾ ಆಗದಿದ್ದರೆ ಬೇಡ, ಮರೆಯುವಷ್ಟು ದಿನ ಮಾತ್ರ ಬಿಡಬೇಡಿ.

ನಿಮ್ಮಿಬ್ಬರ,
ಜೀರುಂಡೆ


ಫೆಬ್ರವರಿ ೨೦

ಜೀರುಂಡೆಗೆ,

ಬಲಗೈ. ಎಳೆಯುವುದು ಬಲಗೈಯಲ್ಲಿ. ಇಳಿಸುವಾಗ ಎರಡೂ ಕೈ ಬೇಕು, ಇಲ್ಲದಿದ್ದರೆ ಕೊನೆಯಲ್ಲಿ ಧಡ್ ಅನ್ನುತ್ತದೆ. ಮೊದಲು ಇದನ್ನು ಬರೆದು ಆಮೇಲೆ ಉಳಿದದ್ದು ಅಂತ ಕೂತಿದ್ದೇನೆ.

ರಜೆ ಕೇಳುವುದಕ್ಕೆ ನಮ್ಮ ಸಾಹೇಬರ ಹತ್ತಿರ ಹೋಗಿದ್ದೆ. ಅವರು ಕನ್ನಡಕ ತೆಗೆದು ನೋಡಿದರು. ನಾನು ರಜೆ ಕೇಳಿದ್ದನ್ನು ಅವರು ಯಾವತ್ತೂ ಕಂಡಿರಲಿಲ್ಲ.

"ತಗೊಳಪ್ಪ, ಧಾರಾಳವಾಗಿ ತಗೋ. ಅಷ್ಟೂ ಒಂದೇ ಸಲ ತಗೋ, ಬದಲಿ ಆಳು ಹಾಕ್ತೀನಿ."

"ಒಂದೇ ಸಲ ಬೇಡ ಸಾರ್. ವಾರಕ್ಕೊಂದು ದಿನ ಕೊಡಿ."

"ಹೀಗೆ ಚೂರು ಚೂರು ಕೊಟ್ರೆ ಪ್ರತಿ ವಾರ ನಾನೆಲ್ಲಿಂದ ಆಳು ತರ್ಲಿ? ಚೂರು ರಜೆ ತಗೊಂಡು ಏನ್ ಮಾಡ್ತೀಯ?"

"ನನ್ನ ಮಗಳಿಗೆ ಚೂರೇ ಬೇಕಂತೆ ಸಾರ್."

ಅವರು ಬಹಳ ಹೊತ್ತು ಗೊಣಗಿದರು. ನಾನು ಅಲ್ಲಾಡಲಿಲ್ಲ. ಕೊನೆಗೆ, ಹೋಗಯ್ಯ ಬುಧವಾರ ನಿಂದು ಅಂದರು. ರಜೆ ಮುಗಿದ ಮೇಲೆ ವಾರದ ರಜೆಯನ್ನೇ ಬುಧವಾರಕ್ಕೆ ಹಾಕಿಸಿಕೊಳ್ಳುತ್ತೇನೆ.

ಬರುವ ಬುಧವಾರ ಮೊದಲ ಬಸ್ಸಿಗೆ ಹೊರಡುತ್ತೇನೆ. ಮಧ್ಯಾಹ್ನದ ಹೊತ್ತಿಗೆ ನಿಮ್ಮೂರು ಮುಟ್ಟುತ್ತದಂತೆ. ನಿನ್ನ ಶಾಲೆ ಬಿಡುವತನಕ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತಿರುತ್ತೇನೆ, ಕೂರುವುದು ನನಗೆ ಹೊಸದಲ್ಲ. ಆಮೇಲೆ ಶಾಲೆಯ ಗೇಟಿಗೆ ಬರುತ್ತೇನೆ. ಮೇಷ್ಟ್ರ ಹತ್ತಿರ ಗಣಿತದ ಪುಸ್ತಕ ಇಸಿದುಕೊಂಡಿದ್ದೇನೆ. ಎರಡು ಪುಟ ಅರ್ಥವಾಯಿತು, ಮೂರನೆಯದರಲ್ಲಿ ಸಿಕ್ಕಿಹಾಕಿಕೊಂಡೆ. ಇಬ್ಬರೂ ಕೂತು ಒದ್ದಾಡೋಣ. ಸಂಜೆಯ ಬಸ್ಸಿಗೆ ವಾಪಸು.

ನಾನು ಬರುವುದನ್ನು ಅಮ್ಮನಿಗೆ ನೀನು ಹೇಳಬೇಡ. ಅವಳಿಗೆ ನಾನೇ ಬೇರೆ ಬರೆದಿದ್ದೇನೆ. ಬೆಂಚಿನ ವಿಷಯವನ್ನೂ ಬರೆದಿದ್ದೇನೆ, ಮನೆಗೆ ಬರುತ್ತೇನೆ ಅಂತ ಅವಳು ಸಂಕೋಚ ಪಡಬಾರದಲ್ಲ.

ಇತಿ,
ಅಪ್ಪ


ಫೆಬ್ರವರಿ ೨೩

ರೀ,

ಬುಧವಾರ ನಾನೂ ಮಧ್ಯಾಹ್ನದಿಂದ ಬಿಡುವು ಹಾಕಿಸಿಕೊಂಡಿದ್ದೇನೆ. ಲಾಂಡ್ರಿಯ ಪಕ್ಕದ ಬಾಗಿಲು, ಮೆಟ್ಟಿಲು ಕಡಿದಾಗಿದೆ, ನೋಡಿಕೊಂಡು ಹತ್ತಿ. ಅವಳು ಶಾಲೆಯಿಂದ ಬರುವುದು ಸಂಜೆ ನಾಲ್ಕಕ್ಕೆ. ದಾರಿಯಲ್ಲಿ ಊಟ ಮಾಡಿಕೊಂಡು ಬರಬೇಡಿ.

ಇತಿ,
ನಾನು